ನಾಲ್ಕೂಕಾಲು ಅಂಗುಲದ ಕಟ್ಟಳೆ

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕ್ರಿಕೆಟ್ಟಿಗೆ ಇದ್ದ ಕಟ್ಟಳೆಗಳು ಯಾವ ಗ್ರಂಥದಲ್ಲಿಯೂ ಅಚ್ಚಾದವಲ್ಲ. ಚೆಂಡು ನೆಲ ಮುಟ್ಟದೆ ಎದುರುಮನೆಯ ಕಾಂಪೌಂಡಿನೊಳಗೆ ಬಿದ್ದರೆ ಹೊಡೆದವನು ಔಟು. ಆ ಮನೆಯ ಯಜಮಾನರ ಬೈಗುಳವನ್ನು ತಲೆತಗ್ಗಿಸಿ ಕೇಳಿ ಚೆಂಡನ್ನು ಮರಳಿ ತರತಕ್ಕ ಹೊಣೆಯೂ ಅವನದೇ. ಒಂದು ಪುಟವಾದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಅದೂ ಕ್ಯಾಚು. ಎರಡನೆಯ ಕೈ ಸೋಂಕಿದರೆ ಅಲ್ಲ. ಮೊದಲನೆಯ ಎಸೆತ ‘ಟ್ರಯಲ್’, ಅದಕ್ಕೆ ಲೆಕ್ಕವಿಲ್ಲ. ದಾಂಡಿನ ಒಡೆಯನಾದ ಹುಡುಗನು ಬೇಗನೆ ಔಟಾದ ಪಕ್ಷದಲ್ಲಿ ಅದನ್ನು ಕುರಿತು ಬಹಳ ಹೊತ್ತು ವಾದ ನಡೆದು, ಕಡೆಗೆ ಅವನು ಔಟಲ್ಲವೆಂದೇ ತೀರ್ಮಾನವಾಗುತ್ತಿತ್ತು. ಏಕೆಂದರೆ ಅವನು ಮುನಿದು ದಾಂಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟನೆಂದರೆ ಆ ದಿನದ ಆಟ ಅಲ್ಲಿಗೇ ಸಮಾಪ್ತಿ.

ಈ ಶಾಸನಗಳಲ್ಲಿ ಒಂದೊಂದಕ್ಕೂ ಒಂದೊಂದು ಐತಿಹ್ಯವಿತ್ತು. ಕಾಂಪೌಂಡಿನ ಕಟ್ಟಳೆ ಹುಟ್ಟಿದ್ದು ಒಂದು ಕಿಟಕಿಯ ಗಾಜು ಒಡೆದ ಸಂಜೆ. ಒಂದು ಕೈಯ ಕಟ್ಟಳೆ ಹುಟ್ಟಿದ್ದು, ಇಡೀ ಮಧ್ಯಾಹ್ನ ಚೆಂಡನ್ನು ನೆಲಕ್ಕೇ ಮೆಲ್ಲಗೆ ತಟ್ಟುತ್ತ, ಬೇರೆ ಯಾರಿಗೂ ದಾಂಡು ಕೊಡದೆ ನಿಂತ ಒಬ್ಬ ಜಾಣನ ದೆಸೆಯಿಂದ. ಮುಂದೆ ದೊಡ್ಡವನಾಗಿ ಈ ಆಟದ ನಿಜವಾದ ಶಾಸ್ತ್ರ ಹೇಗೆ ಬೆಳೆಯಿತೆಂಬುದನ್ನು ಓದತೊಡಗಿದಾಗ, ಡ್ಯೂಕರೂ ಅರ್ಲರೂ ಕೂಡಿ ಲಂಡನ್ನಿನ ಭೋಜನಗೃಹದಲ್ಲಿ ಮಾಡಿದ್ದೂ ಇದೇ ಕೆಲಸವೆಂಬುದು ತಿಳಿದು ನಗು ಬಂದಿತು. ಕ್ರಿಕೆಟ್ಟಿನ ನಿಯಮಾವಳಿಯನ್ನು ಮೊದಲಿನಿಂದ ಕಡೆಯವರೆಗೆ ಬಾಯಿಪಾಠ ಮಾಡಹೊರಟವನಿಗೆ ಅದು ಒಣ ಕಾನೂನಿನಂತೆ ಬೇಸರ ತರಿಸುತ್ತದೆ. ಆದರೆ ಯಾವ ನಿಯಮ ಯಾವ ಆಟಗಾರನ ಜಾಣತನಕ್ಕೆ ಕೊಟ್ಟ ಉತ್ತರವೆಂಬುದನ್ನು ಹಿಡಿದು ಓದಿದವನಿಗೆ ಅದೇ ಪುಸ್ತಕ ಮನುಷ್ಯರಿಂದ ತುಂಬಿದ ಕಥೆಯಾಗುತ್ತದೆ.

ಈ ಆಟವು ಇಂಗ್ಲೆಂಡಿನ ಆಗ್ನೇಯ ಭಾಗದ ಕುರಿಗಾವಲಿನಲ್ಲಿ ಹುಟ್ಟಿ ಬೆಳೆದದ್ದು. ಅದರ ಹೆಸರು ನಿಸ್ಸಂಶಯವಾಗಿ ಮೊದಲು ಕಾಣಿಸುವುದು ಒಂದು ಜಮೀನಿನ ವ್ಯಾಜ್ಯದಲ್ಲಿ. 1598ರಲ್ಲಿ ಸರ್ರೆ ಪ್ರಾಂತದ ಗಿಲ್ಡ್‌ಫರ್ಡ್ ಊರಿನ ಒಂದು ತುಂಡು ನೆಲದ ಸಂಬಂಧವಾಗಿ ನಡೆದ ವಿಚಾರಣೆಯಲ್ಲಿ ಸಾಕ್ಷಿ ನುಡಿದ ಜಾನ್ ಡೆರಿಕ್ ಎಂಬ ವೃದ್ಧನು, ತಾನು ಅಲ್ಲಿನ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಎಂದರೆ ಸುಮಾರು ಐವತ್ತು ವರ್ಷಗಳ ಹಿಂದೆ, ಗೆಳೆಯರೊಡನೆ ಆ ನೆಲದ ಮೇಲೆ ಕ್ರಿಕೆಟ್ ಆಡಿದ್ದುಂಟೆಂದು ಪ್ರಮಾಣ ಮಾಡಿದನು. ಹುಡುಗರ ಆಟವೊಂದು ಚರಿತ್ರೆಯನ್ನು ಪ್ರವೇಶಿಸಿದ್ದು ನ್ಯಾಯಸ್ಥಾನದ ಬಾಗಿಲಿನಿಂದ ಎಂಬುದು ಅದರ ಮುಂದಿನ ಸ್ವಭಾವಕ್ಕೆ ತಕ್ಕುದೇ ಆಗಿದೆ.

ಹುಡುಗರು ಆಡುತ್ತಿರುವ ತನಕ ಬರಹದ ನಿಯಮ ಬೇಕಾಗಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಶ್ರೀಮಂತರು ಈ ಆಟಕ್ಕೆ ಮನಸೋತು, ತಮ್ಮ ತೋಟದ ಮಾಲಿಗಳನ್ನೂ ಬೇಟೆಯ ಕಾವಲುಗಾರರನ್ನೂ ತಂಡಗಳಾಗಿ ಕಟ್ಟಿ, ಒಂದೊಂದು ಪಂದ್ಯದ ಮೇಲೆ ನೂರಾರು ಗಿನಿಗಳ ಪಣವೊಡ್ಡತೊಡಗಿದಾಗ ವಾದಗಳೂ ಬೆಳೆದುವು. ಹಣ ಹೂಡಿದವನು ಹುಡುಗರಂತೆ ರಾಜಿಯಾಗುವನೆ? 1727ರಲ್ಲಿ ರಿಚ್ಮಂಡಿನ ಡ್ಯೂಕನಿಗೂ ಆಲನ್ ಬ್ರಾಡ್ರಿಕ್ ಎಂಬಾತನಿಗೂ ಎರಡು ಪಂದ್ಯಗಳ ಬಗೆಗೆ ಆದ ಕರಾರುಪತ್ರವೇ ನಮಗೆ ದೊರೆತಿರುವ ಮೊದಲ ಲಿಖಿತ ನಿಯಮಾವಳಿ. ಗೂಟಗಳ ನಡುವೆ 23 ಗಜ ದೂರವಿರಬೇಕೆಂದೂ, ಓಟವನ್ನು ಪೂರೈಸಿದ ದಾಂಡಿಗನು ತೀರ್ಪುಗಾರನ ಕೈಯ ಕೋಲನ್ನು ಮುಟ್ಟಬೇಕೆಂದೂ ಅದರಲ್ಲಿ ಬರೆದಿದೆ. ಎಲ್ಲಕ್ಕಿಂತ ಸ್ವಾರಸ್ಯವಾದ ಒಂದು ವಿಧಿಯೆಂದರೆ, ಮೈದಾನದಲ್ಲಿ ಆಟದ ವಿಷಯವಾಗಿ ಬಾಯಿ ತೆರೆಯುವ ಅಧಿಕಾರ ಡ್ಯೂಕನಿಗೂ ಬ್ರಾಡ್ರಿಕ್ಕನಿಗೂ ಮಾತ್ರ ಎಂಬುದು. ದಾಂಡಿನ ಒಡೆಯನು ಔಟಲ್ಲವೆಂದ ನಮ್ಮ ಬೀದಿಯ ತೀರ್ಮಾನವು ಇದಕ್ಕಿಂತ ಬಹಳ ದೂರದ್ದೇನಲ್ಲ.

1744ರಲ್ಲಿ, ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಆಡುತ್ತಿದ್ದ ಕುಲೀನರ ಕೂಟವೊಂದು ಈ ಚದುರಿದ ಪದ್ಧತಿಗಳನ್ನು ಒಂದು ಸಂಹಿತೆಯಾಗಿ ಕಟ್ಟಿತು. ಗೂಟಗಳ ನಡುವಣ ದೂರ 22 ಗಜ. ಅಂದಿನಿಂದ ಇಂದಿನವರೆಗೆ ಒಂದು ಅಂಗುಲವೂ ಸರಿದಿಲ್ಲ. ಆದರೆ ಆ ಕಾಲದ ಹುದ್ದರಿ ನಾವು ಕಂಡ ಹುದ್ದರಿಯಲ್ಲ. (ವಿಕೆಟ್ಟಿಗೆ ಹುದ್ದರಿಯೆಂದು ಕನ್ನಡ ಪತ್ರಿಕೆಗಳು ಬಳಸಿದ ಈ ಶಬ್ದವು ಈಚೆಗೆ ಅಪರೂಪವಾಗುತ್ತಿದೆ, ನನಗೆ ಅದರ ಮೇಲೆ ಮೋಹವಿರುವುದರಿಂದ ಬಿಡಲೊಲ್ಲೆ.) ಎರಡೇ ಗೂಟಗಳು, ಎತ್ತರ 22 ಅಂಗುಲ, ಅಗಲ 6 ಅಂಗುಲ, ಮೇಲೆ ಅಡ್ಡಲಾಗಿ ಒಂದು ಕಡ್ಡಿ. ಓವರಿಗೆ ನಾಲ್ಕು ಎಸೆತ. ಓಟಗಳನ್ನು ಲೆಕ್ಕವಿಡುವವನು ಒಂದು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದುದರಿಂದ, ಓಟವನ್ನು ಕಚ್ಚೆಂದೇ ಕರೆಯುವ ರೂಢಿಯಿತ್ತು.

ಇದಕ್ಕೂ ಹಿಂದೆ ಆ ಎರಡು ಗೂಟಗಳ ನಡುವೆ ನೆಲದಲ್ಲಿ ಒಂದು ಗುಳಿಯಿತ್ತು. ಚಿನ್ನಿದಾಂಡು ಆಡಿದವರಿಗೆ ಗುಳಿಯೆಂದರೇನೆಂದು ಬಿಡಿಸಿ ಹೇಳಬೇಕಾದುದಿಲ್ಲ. ಓಡಿಬಂದ ದಾಂಡಿಗನು ತನ್ನ ದಾಂಡಿನ ತುದಿಯನ್ನು ಆ ಗುಳಿಯಲ್ಲಿ ಊರಿದರೆ ಓಟ ಪೂರ್ತಿ. ಅವನು ಊರುವ ಮುನ್ನ ಗೂಟರಕ್ಷಕನು ಚೆಂಡನ್ನು ಅದರೊಳಗೆ ತುರುಕಿದರೆ ಔಟು. ಇಬ್ಬರೂ ಏಕಕಾಲಕ್ಕೆ ಗುಳಿಯನ್ನು ಸೇರಿದಾಗ ಆಗುತ್ತಿದ್ದುದನ್ನು ಊಹಿಸಬಹುದು: ಕೆಳಗೆ ಬರಿಗೈ, ಮೇಲಿನಿಂದ ಓಟದ ವೇಗವನ್ನೆಲ್ಲ ಹೊತ್ತು ಬೀಳುವ ಮರದ ದಾಂಡು. ಜಜ್ಜಿದ ಬೆರಳುಗಳು ಹೆಚ್ಚಾದ ಮೇಲೆ, ಗುಳಿಯನ್ನು ಮುಚ್ಚಿ ಹುದ್ದರಿಯ ಮುಂದೆ ಒಂದು ಗೆರೆಯನ್ನು ಕೊರೆದರು. ಇಂದು ಮೂರನೆಯ ತೀರ್ಪುಗಾರನು ತನ್ನ ಕೊಠಡಿಯಲ್ಲಿ ಕುಳಿತು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ದಾಂಡು ಗೆರೆಯನ್ನು ದಾಟಿತೆ ಇಲ್ಲವೆ ಎಂದು ಪರೀಕ್ಷಿಸುವಾಗ, ಆ ಸುಣ್ಣದ ಗೆರೆಯ ಕೆಳಗೆ ಯಾರೋ ಹಳ್ಳಿಗನ ಊದಿಕೊಂಡ ಹೆಬ್ಬೆರಳು ನನಗೆ ಕಾಣಿಸುತ್ತದೆ.

ಆಟವನ್ನು ಚೆನ್ನಾಗಿ ಆಡುವ ವಿದ್ಯೆ ಬೆಳೆದದ್ದು ಲಂಡನ್ನಿನಲ್ಲಲ್ಲ. ಹ್ಯಾಂಪ್‌ಷೈರಿನ ಹ್ಯಾಂಬಲ್ಡನ್ ಎಂಬ ಹಳ್ಳಿಯಲ್ಲಿ. ಬ್ರಾಡ್‌ಹಾಫ್‌ಪೆನಿ ಎಂಬ ಗುಡ್ಡದ ಬಯಲು, ಅದರ ಪಕ್ಕದಲ್ಲಿ ರಿಚರ್ಡ್ ನೈರೆನ್ನನ ಪಾನಗೃಹ. ಆತನೇ ತಂಡದ ನಾಯಕ. ಅಲ್ಲಿನ ಆಟಗಾರರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಜಾನ್ ಸ್ಮಾಲ್. ಪೀಟರ್ಸ್‌ಫೀಲ್ಡಿನಲ್ಲಿ ದಾಂಡುಗಳನ್ನೂ ಚೆಂಡುಗಳನ್ನೂ ಸ್ವತಃ ತಯಾರಿಸಿ ಮಾರುತ್ತಿದ್ದ ಈತನು ಪಿಟೀಲುವಾದನದಲ್ಲಿಯೂ ನಿಪುಣ. ಹೊಲವನ್ನು ದಾಟುವಾಗ ಗೂಳಿಯೊಂದು ಮೇಲೆ ಬೀಳಬಂದರೆ, ಓಡದೆ ನಿಂತು ತನ್ನ ವಾದ್ಯವನ್ನು ನುಡಿಸಿ ಅದನ್ನು ಶಾಂತಗೊಳಿಸಿದನೆಂದು ಒಂದು ಕಥೆಯುಂಟು. ನಂಬುವುದು ಬಿಡುವುದು ವಾಚಕರ ಇಚ್ಛೆ. ಆದರೆ ಇಂತಹ ನಿಧಾನಬುದ್ಧಿಯವನೇ ದಾಂಡನ್ನು ನೆಟ್ಟಗೆ ಹಿಡಿಯುವ ಕಲೆಯನ್ನು ರೂಢಿಗೆ ತಂದನೆಂಬುದು ಸಹಜವಾಗಿ ತೋರುತ್ತದೆ.

ಅದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ಚೆಂಡನ್ನು ಕೆಳಗೈಯಿಂದ ನೆಲದ ಮೇಲೆ ಉರುಳಿಸುತ್ತಿದ್ದುದರಿಂದ ದಾಂಡು ಹಾಕಿ ಕೋಲಿನಂತೆ ತುದಿಯಲ್ಲಿ ಬಾಗಿದ್ದು, ಆಟವೆಂದರೆ ಅಡ್ಡಬೀಸುವುದೇ ಆಗಿತ್ತು. 1760ರ ಸುಮಾರಿಗೆ ಎಸೆತಗಾರರು ಚೆಂಡನ್ನು ಗಾಳಿಯಲ್ಲಿ ಹಾಯಿಸಿ, ದಾಂಡಿಗನ ಮುಂದೆ ಬೇಕಾದ ಅಳತೆಯಲ್ಲಿ ಪುಟಿಸತೊಡಗಿದರು. ಪುಟಿದೇಳುವ ಚೆಂಡಿಗೆ ಬಾಗಿದ ದಾಂಡು ನಿರುಪಯುಕ್ತ. ಬಡಗಿ ಅದನ್ನು ನೆಟ್ಟಗೆ ಮಾಡಿದನು, ಆಟಗಾರನು ತನ್ನ ತೋಳನ್ನು ನೆಟ್ಟಗೆ ಮಾಡಬೇಕಾಯಿತು. ಇಲ್ಲಿ ಫಾರ್ನಂ ಊರಿನ ಹ್ಯಾರಿ ಹಾಲ್ ಎಂಬಾತನನ್ನು ನೆನೆಯದೆ ಮುಂದುವರಿದರೆ ಕೃತಘ್ನತೆಯಾದೀತು. ಶುಂಠಿರೊಟ್ಟಿ ಸುಟ್ಟು ಮಾರುವುದು ಅವನ ವೃತ್ತಿ. ತಾನು ದೊಡ್ಡ ಆಟಗಾರನಲ್ಲದಿದ್ದರೂ ಸುತ್ತಣ ಹುಡುಗರಿಗೆ ಎಡಮೊಣಕೈಯನ್ನು ಎತ್ತಿ ಹಿಡಿ, ದಾಂಡನ್ನು ಚೆಂಡಿನ ಹಾದಿಗೆ ನೇರವಾಗಿ ತಾ ಎಂದು ಹೇಳಿಕೊಡುತ್ತಿದ್ದನು. ಅವನಿಂದ ಕಲಿತವರಲ್ಲಿ ಒಬ್ಬನು ವಿಲಿಯಂ ಬೆಲ್ಡಂ, ಆ ಕಾಲದ ಅತಿ ಸುಂದರ ದಾಂಡಿಗನೆಂದು ಹೆಸರಾದವನು. ಬೆಲ್ಡಮನು ತೊಂಬತ್ತು ದಾಟಿ ಬದುಕಿ, ತನ್ನ ಮುಪ್ಪಿನಲ್ಲಿ ಪಾದ್ರಿಯಾದ ಪೈಕ್ರಾಫ್ಟ್ ಎಂಬ ಗ್ರಂಥಕರ್ತನ ಮುಂದೆ ಆ ರೊಟ್ಟಿಯಂಗಡಿಯವನನ್ನು ಜ್ಞಾಪಿಸಿಕೊಂಡನು. ಹಾಗೆ ಜ್ಞಾಪಿಸಿಕೊಳ್ಳದಿದ್ದರೆ ಆ ಹೆಸರು ನಮಗೆ ಉಳಿಯುತ್ತಿರಲಿಲ್ಲ. ಇಂದಿಗೂ ನಮ್ಮ ಊರುಗಳ ತರಬೇತಿಯ ಬಲೆಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಕೇಳಿಬರುವ ಉಪದೇಶ ಆ ಎಡಮೊಣಕೈಯದೇ.

1771ರ ಸೆಪ್ಟೆಂಬರಿನಲ್ಲಿ ಈ ಹ್ಯಾಂಬಲ್ಡನ್ನಿನವರು ಚರ್ಟ್ಸಿ ಎಂಬ ತಂಡದೊಡನೆ ಆಡುತ್ತಿರುವಾಗ, ಎದುರಾಳಿಗಳ ಕಡೆಯ ರೈಗೇಟಿನ ವೈಟ್ ಎಂಬಾತನು ಹುದ್ದರಿಯಷ್ಟೇ ಅಗಲವಾದ ಒಂದು ದಾಂಡನ್ನು ಹಿಡಿದು ಮೈದಾನಕ್ಕಿಳಿದನು. ದಾಂಡು ಇಷ್ಟೇ ಅಗಲವಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲವಷ್ಟೆ? ಆ ಹಲಗೆಯನ್ನು ಮುಂದಿಟ್ಟುಕೊಂಡು ನಿಂತರೆ ಎಸೆತಗಾರನಿಗೆ ಗುರಿಯೇ ಕಾಣದು. ವೈಟನು ನಗಿಸಲೆಂದು ಹಾಗೆ ಮಾಡಿದನೋ ಗೆಲ್ಲಲೆಂದು ಮಾಡಿದನೋ ಎಂಬ ಚರ್ಚೆ ಈಗ ನಿರರ್ಥಕ. ಹ್ಯಾಂಬಲ್ಡನ್ನಿನವರಿಗೆ ಮಾತ್ರ ನಗು ಬರಲಿಲ್ಲ. ಎರಡು ದಿನಗಳೊಳಗೆ ಅವರು ದಾಂಡಿನ ಅಗಲ ನಾಲ್ಕೂಕಾಲು ಅಂಗುಲವನ್ನು ಮೀರತಕ್ಕುದಲ್ಲವೆಂದು ಒಂದು ಚೀಟಿಯಲ್ಲಿ ಬರೆದು ರುಜು ಹಾಕಿದರು: ರಿಚರ್ಡ್ ನೈರೆನ್, ವೇಗದ ಎಸೆತಗಾರನಾದ ಥಾಮಸ್ ಬ್ರೆಟ್, ಮತ್ತು ದಾಂಡಿನ ವ್ಯಾಪಾರಿಯಾದ ನಮ್ಮ ಪಿಟೀಲಿನ ಸ್ಮಾಲ್. ತನ್ನ ಅಂಗಡಿಯ ಸರಕಿಗೆ ತಾನೇ ಮಿತಿ ಹಾಕಿಕೊಂಡ ವರ್ತಕನು ಅಪರೂಪ. ಆ ಅಳತೆಯ ಒಂದು ಕಬ್ಬಿಣದ ಚೌಕಟ್ಟನ್ನು ಮಾಡಿಸಿಟ್ಟು, ಸಂಶಯ ಬಂದ ದಾಂಡನ್ನು ಅದರೊಳಗೆ ತೂರಿಸಿ ನೋಡುತ್ತಿದ್ದರಂತೆ. ತೂರದ ದಾಂಡಿನ ಅಂಚನ್ನು ಹೆರೆಯದೆ ವಿಧಿಯಿರಲಿಲ್ಲ. ಮೂರು ವರ್ಷದ ಬಳಿಕ, 1774ರ ಪರಿಷ್ಕೃತ ಸಂಹಿತೆಯಲ್ಲಿ ಹಳ್ಳಿಗರ ಈ ನಾಲ್ಕೂಕಾಲು ಅಂಗುಲವು ಸಮಸ್ತ ಇಂಗ್ಲೆಂಡಿನ ಶಾಸನವಾಯಿತು. ಇಂದು ಬೆಂಗಳೂರಿನ ಅಂಗಡಿಯಲ್ಲಿ ಕೊಳ್ಳುವ ದಾಂಡಿಗೂ ಅದೇ ಮಿತಿ.

ಸ್ಮಾಲನಿಗೆ ಇನ್ನೊಂದು ನಿಯಮದ ಋಣವೂ ಇದೆ. 1775ರ ಮೇ ತಿಂಗಳಲ್ಲಿ ಆರ್ಟಿಲರಿ ಮೈದಾನದಲ್ಲಿ ಐದೈದು ಮಂದಿಯ ಪಂದ್ಯವೊಂದು ನಡೆದು, ಕಡೆಯ ದಾಂಡಿಗನಾಗಿ ಬಂದ ಸ್ಮಾಲನು ಗೆಲುವಿಗೆ ಬೇಕಾಗಿದ್ದ 14 ಓಟಗಳನ್ನು ಗಳಿಸಬೇಕಾಯಿತು. ಎಸೆಯುವವನು ‘ಲಂಪಿ’ ಎಂಬ ಅಡ್ಡಹೆಸರಿನ ಎಡ್ವರ್ಡ್ ಸ್ಟೀವನ್ಸ್, ಟ್ಯಾಂಕರ್‌ವಿಲ್ ಅರ್ಲನ ತೋಟದ ಮಾಲಿ. ಗುರಿಯಲ್ಲಿ ಅವನನ್ನು ಮೀರಿಸುವವರು ಆ ದೇಶದಲ್ಲಿರಲಿಲ್ಲ. ಲಂಪಿಯ ಚೆಂಡು ಸ್ಮಾಲನ ದಾಂಡನ್ನು ವಂಚಿಸಿ ನೇರವಾಗಿ ಹುದ್ದರಿಗೆ ಹೋಯಿತು. ಹೋಗಿ, ಎರಡು ಗೂಟಗಳ ನಡುವೆ ಹಾದು, ಏನನ್ನೂ ಸೋಂಕದೆ ಆಚೆಗೆ ಹೊರಟಿತು. ಒಮ್ಮೆಯಲ್ಲ, ಮೂರು ಸಲ ಹೀಗಾಯಿತು. ಸ್ಮಾಲನು ಬದುಕಿ ಪಂದ್ಯವನ್ನು ಗೆದ್ದನು. ತುಸು ಸೊಟ್ಟಗೆ ಎಸೆದಿದ್ದರೆ ಗೂಟ ಬೀಳುತ್ತಿತ್ತು. ನಿಷ್ಕಳಂಕವಾಗಿ ನೇರ ಎಸೆದುದೇ ಆ ಮಾಲಿಯ ಪಾಲಿಗೆ ದೋಷವಾಯಿತು! ಆಟವನ್ನು ಬಲ್ಲವರಿಗೆ ಇದು ಅನ್ಯಾಯವೆಂದು ತೋರಿ, ಮುಂದಿನ ಕೆಲವು ವರ್ಷಗಳಲ್ಲಿ ನಡುವೆ ಮೂರನೆಯ ಗೂಟ ಬಂದು ನಿಂತಿತು. ನಡುಗೂಟ ಹಾರಿಹೋದಾಗ ಚಪ್ಪಾಳೆ ತಟ್ಟುವ ನಾವು ಲಂಪಿಯನ್ನು ಒಮ್ಮೆ ಸ್ಮರಿಸಿದರೆ ತಪ್ಪಾಗದು.

ರಿಚರ್ಡ್ ನೈರೆನ್ನನ ಮಗ ಜಾನ್ ನೈರೆನ್ನನು ಈ ಜನರೆಲ್ಲರ ಮಧ್ಯೆ ಬೆಳೆದು, ತನ್ನ ವೃದ್ಧಾಪ್ಯದಲ್ಲಿ ಕೌಡನ್ ಕ್ಲಾರ್ಕ್ ಎಂಬ ಸ್ನೇಹಿತನ ನೆರವಿನಿಂದ 1833ರಲ್ಲಿ ಎಳೆಯ ಆಟಗಾರರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದನು. ಮೊದಲ ಭಾಗದಲ್ಲಿ ಹೇಗೆ ನಿಲ್ಲಬೇಕು, ಹೇಗೆ ಎಸೆಯಬೇಕು, ಗೂಟರಕ್ಷಕನ ಕರ್ತವ್ಯವೇನು ಎಂಬ ಉಪದೇಶ. ಎರಡನೆಯದರಲ್ಲಿ ತಾನು ಕಂಡ ಹಳೆಯ ಹ್ಯಾಂಬಲ್ಡನ್ನಿನ ಆಟಗಾರರ ಚಿತ್ರಗಳು. ಉಪದೇಶದ ಭಾಗವನ್ನು ಈಗ ಓದುವವರು ವಿರಳ. ಆ ಚಿತ್ರಗಳೇ ಇಂಗ್ಲಿಷ್ ಗದ್ಯದಲ್ಲಿ ಉಳಿದುವು. ಸ್ಮಾಲನ ಗೂಳಿಯೂ ಲಂಪಿಯ ಮೂರು ಎಸೆತಗಳೂ ನಮಗೆ ದೊರೆಯುವುದು ಅಲ್ಲಿಯೇ.

1787ರಲ್ಲಿ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ಬು, ಎಂದರೆ ಎಂ.ಸಿ.ಸಿ., ಸ್ಥಾಪಿತವಾಗಿ ಮರುವರ್ಷವೇ ನಿಯಮಗಳನ್ನು ಪರಿಷ್ಕರಿಸಿತು. ಅಂದಿನಿಂದ ಕ್ರಿಕೆಟ್ಟಿನ ಧರ್ಮಶಾಸ್ತ್ರಕ್ಕೆ ಅದೇ ಪೀಠ. ಪೀಠವೆಂದ ಮೇಲೆ ಪಾಷಂಡಿಗಳೂ ಹುಟ್ಟಲೇಬೇಕು. ಹತ್ತೊಂಬತ್ತನೆಯ ಶತಮಾನದ ದೊಡ್ಡ ಪಾಷಂಡವೆಂದರೆ ಎಸೆಯುವ ತೋಳನ್ನು ಮೇಲೆತ್ತುವುದು. ಕೆಂಟಿನ ಜಾನ್ ವಿಲ್ಸ್ ಎಂಬ ಗೃಹಸ್ಥನಿಗೆ ಅವನ ತಂಗಿ ಮನೆಯಂಗಳದಲ್ಲಿ ಚೆಂಡು ಎಸೆಯುವಾಗ, ಅವಳ ಅಗಲವಾದ ಲಂಗವು ಅಡ್ಡಬಂದು, ಕೈಯನ್ನು ಸೊಂಟದಿಂದ ಮೇಲಕ್ಕೆ ಸುತ್ತಿ ಎಸೆದಳೆಂದೂ, ಆ ಎಸೆತವನ್ನು ಆಡುವುದು ಕಷ್ಟವೆಂದು ಕಂಡ ಅಣ್ಣನು ಅದನ್ನು ಕಲಿತನೆಂದೂ ಪ್ರತೀತಿಯಿದೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ನನಗೆ ಬಿಡಲು ಮನಸ್ಸಿಲ್ಲ. ಐತಿಹ್ಯವಲ್ಲದ ಭಾಗವಿಷ್ಟು: 1822ರ ಜುಲೈ 15ರಂದು ಲಾರ್ಡ್ಸ್ ಮೈದಾನದಲ್ಲಿ ವಿಲ್ಸನು ತೋಳೆತ್ತಿ ಎಸೆದುದನ್ನು ತೀರ್ಪುಗಾರನು ನೋಬಾಲೆಂದು ಸಾರಿದನು. ವಿಲ್ಸನು ಚೆಂಡನ್ನು ನೆಲಕ್ಕೆ ಬಡಿದು, ಮಾತಾಡದೆ ಹೊರನಡೆದು, ಕುದುರೆಯನ್ನೇರಿ ಮೈದಾನವನ್ನೂ ಆಟವನ್ನೂ ಒಟ್ಟಿಗೆ ತೊರೆದು ಹೋದನು.

ಆದರೆ ಕೈ ಏರುತ್ತಲೇ ಹೋಯಿತು. ಸಸೆಕ್ಸಿನ ವಿಲಿಯಂ ಲಿಲ್ಲಿವೈಟನಂತಹವರು ಆ ಬಗೆಯಲ್ಲಿಯೇ ಎಸೆದು ಗೆಲ್ಲುತ್ತಿರಲು, 1828ರಲ್ಲಿ ಮೊಣಕೈಯ ಮಟ್ಟಕ್ಕೂ 1835ರಲ್ಲಿ ಹೆಗಲಿನ ಮಟ್ಟಕ್ಕೂ ಶಾಸ್ತ್ರವು ಒಪ್ಪಿಗೆಯಿತ್ತಿತು. ಹೆಗಲಿನಿಂದ ಮೇಲಕ್ಕೆ ಹೋಗಲು ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು. 1862ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಎಡ್ಗರ್ ವಿಲ್ಷರ್ ಎಂಬ ಎಸೆತಗಾರನನ್ನು ಒಂದಾದ ಮೇಲೊಂದರಂತೆ ಆರು ಸಲ ನೋಬಾಲೆಂದು ಕೂಗಿದ ತೀರ್ಪುಗಾರ ಯಾರು? ಅದೇ ವಿಲಿಯಂ ಲಿಲ್ಲಿವೈಟನ ಮಗ ಜಾನ್! ತಂದೆಯು ಯಾವ ಅಪರಾಧಕ್ಕಾಗಿ ನಿಂದೆಗೊಳಗಾದನೋ ಅದರ ಮುಂದಿನ ಮೆಟ್ಟಿಲೇರಿದವನನ್ನು ಮಗನು ದಂಡಿಸಿದನು. ವಿಲ್ಷರನ ಜೊತೆಯ ವೃತ್ತಿಗಾರರೆಲ್ಲರೂ ಪ್ರತಿಭಟಿಸಿ ಮೈದಾನದಿಂದ ಹೊರನಡೆದರು. ಮರುದಿನ ಬೇರೊಬ್ಬ ತೀರ್ಪುಗಾರನನ್ನು ನಿಲ್ಲಿಸಿ ಪಂದ್ಯವನ್ನು ಮುಂದುವರಿಸಬೇಕಾಯಿತು. 1864ರಲ್ಲಿ ತೋಳನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಎತ್ತಬಹುದೆಂದು ನಿಯಮ ಬಂದಿತು. ಕಾಲಚಕ್ರದ ಪರಿಹಾಸವನ್ನು ನೋಡಿ: 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ, ಕಡೆಯ ಎಸೆತದಲ್ಲಿ ನ್ಯೂಜಿಲೆಂಡಿನವರು ಸಿಕ್ಸರ್ ಹೊಡೆದರೆ ಪಂದ್ಯ ಸಮವಾದೀತೆಂಬ ಅಂಜಿಕೆಯಿಂದ, ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲನು ತನ್ನ ತಮ್ಮ ಟ್ರೆವರನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿದಾಗ ಎರಡು ದೇಶಗಳೂ ಛೀಮಾರಿ ಹಾಕಿದುವು. ಒಂದು ಕಾಲಕ್ಕೆ ಅದೊಂದೇ ಧರ್ಮಸಮ್ಮತವಾದ ಎಸೆತವಾಗಿತ್ತು. ಇಂದು ಪೂರ್ವಸಮ್ಮತಿಯಿಲ್ಲದೆ ಕೆಳಗೈ ಎಸೆತಕ್ಕೆ ಅವಕಾಶವೇ ಇಲ್ಲ.

ಹೊಸದಾಗಿ ಆಟ ಕಲಿಯುವವರನ್ನು ಅತ್ಯಂತ ಕಾಡುವ ನಿಯಮ ಎಲ್.ಬಿ.ಡಬ್ಲ್ಯು. ಇದೂ 1774ರದೇ. ದಾಂಡು ಸೋತಲ್ಲಿ ಕಾಲನ್ನೊಡ್ಡಿ ಹುದ್ದರಿಯನ್ನು ಕಾಯುವ ಚಾಳಿ ಆಗಲೇ ಹುಟ್ಟಿತ್ತು. ಬುದ್ಧಿಪೂರ್ವಕವಾಗಿ ಕಾಲನ್ನು ಅಡ್ಡಯಿಟ್ಟವನು ಔಟೆಂದು ಮೊದಲ ನಿಯಮ ಹೇಳಿತು. ಆದರೆ ಮನಸ್ಸಿನೊಳಗಿನ ಉದ್ದೇಶವನ್ನು ತೀರ್ಪುಗಾರನು ಅಳೆಯುವುದೆಂತು? ಆದಕಾರಣ ಮುಂದಿನ ಪರಿಷ್ಕರಣಗಳು ಮನಸ್ಸನ್ನು ಬಿಟ್ಟು ರೇಖಾಗಣಿತವನ್ನು ಹಿಡಿದುವು: ಚೆಂಡು ಎಲ್ಲಿ ಪುಟವಾಯಿತು, ಕಾಲಿಗೆ ಎಲ್ಲಿ ಬಡಿಯಿತು, ಹುದ್ದರಿಗೆ ಹೋಗುತ್ತಿತ್ತೆ. ಬಹುಕಾಲ ಹುದ್ದರಿಯಿಂದ ಹುದ್ದರಿಗೆ ಎಳೆದ ಪಟ್ಟಿಯೊಳಗೆ ಪುಟವಾದ ಚೆಂಡಿಗೆ ಮಾತ್ರ ಈ ಶಿಕ್ಷೆ. ಪಟ್ಟಿಯಾಚೆ ಬಿದ್ದು ಒಳಕ್ಕೆ ತಿರುಗುವ ಚೆಂಡನ್ನು ಪ್ಯಾಡಿನಿಂದ ಒದೆಯುತ್ತ ದಾಂಡಿಗರು ನಿಶ್ಚಿಂತರಾಗಿರಲು, 1935ರಿಂದ ಪ್ರಯೋಗವಾಗಿಯೂ 1937ರಿಂದ ಸ್ಥಿರವಾಗಿಯೂ ಆಫ್ ಪಕ್ಕದ ಆ ಆಶ್ರಯವನ್ನು ಕಿತ್ತುಹಾಕಿದರು. ಆದರೂ ಕಾಲು ಪಟ್ಟಿಯಾಚೆ ಇದ್ದರೆ ರಕ್ಷಣೆ ಉಳಿದಿತ್ತು. ಅದರ ಪರಾಕಾಷ್ಠೆಯನ್ನು ನೋಡಬೇಕಾದರೆ 1957ರ ಎಜ್‌ಬಾಸ್ಟನ್ನಿಗೆ ಹೋಗಬೇಕು. ವೆಸ್ಟ್ ಇಂಡೀಸಿನ ಸೋನಿ ರಾಮಧೀನನು ಮೊದಲ ಇನಿಂಗ್ಸಿನಲ್ಲಿ 49 ಓಟಗಳಿಗೆ 7 ಹುದ್ದರಿಗಳನ್ನು ಕಿತ್ತಿದ್ದನು. ಅವನ ಚೆಂಡು ಯಾವ ಕಡೆಗೆ ತಿರುಗುವುದೆಂದು ಇಂಗ್ಲೆಂಡಿನವರಿಗೆ ತಿಳಿಯಲಿಲ್ಲ. ಎರಡನೆಯದರಲ್ಲಿ ಪೀಟರ್ ಮೇಯೂ ಕಾಲಿನ್ ಕೌಡ್ರಿಯೂ ತಿಳಿಯುವ ಗೋಜಿಗೇ ಹೋಗದೆ, ಎಡಗಾಲನ್ನು ಮುಂದಕ್ಕೆ ಚಾಚಿ, ದಾಂಡನ್ನು ಪ್ಯಾಡಿನ ಮರೆಯಲ್ಲಿರಿಸಿ, ಗಂಟೆಗಟ್ಟಲೆ ಅವನನ್ನು ದಣಿಸಿ 411 ಓಟಗಳನ್ನು ಜೊತೆಯಾಗಿ ಗಳಿಸಿದರು. ರಾಮಧೀನನು ಆ ಒಂದು ಇನಿಂಗ್ಸಿನಲ್ಲಿ 98 ಓವರುಗಳನ್ನು, ಎಂದರೆ 588 ಚೆಂಡುಗಳನ್ನು ಎಸೆದನು. ಅದು ನಿಯಮಬದ್ಧವಾಗಿತ್ತು, ನನ್ನ ಅಭಿಪ್ರಾಯದಲ್ಲಿ ಚೆನ್ನಾದ ಆಟವಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ, ದಾಂಡನ್ನು ಬೀಸುವ ನಿಜವಾದ ಪ್ರಯತ್ನ ಮಾಡದವನಿಗೆ ಆ ರಕ್ಷಣೆಯೂ ಇಲ್ಲವೆಂದು ಸೇರಿಸಿದ್ದರಿಂದ ನನ್ನಂತೆ ಭಾವಿಸಿದವರು ಅಲ್ಲಿಯೂ ಇದ್ದರೆಂದು ತಿಳಿಯಬೇಕು.

ನಿಯಮಕ್ಕೆ ಎಟುಕದ ಜಾಣತನವೂ ಉಂಟು. ಬೋಸಾಂಕೆ ಎಂಬ ಇಂಗ್ಲಿಷ್ ಯುವಕನು ಬಿಲಿಯರ್ಡ್ಸ್ ಮೇಜಿನ ಮೇಲೆ ಟೆನಿಸ್ ಚೆಂಡನ್ನು ಪುಟಿಸುವ ಒಂದು ಮನೆಯಾಟವನ್ನು ಆಡುತ್ತ, ಲೆಗ್‌ಬ್ರೇಕಿನ ಕೈಚಳಕದಲ್ಲಿಯೇ ಚೆಂಡು ತದ್ವಿರುದ್ಧ ದಿಕ್ಕಿಗೆ ತಿರುಗುವ ಗುಟ್ಟನ್ನು ಕಂಡುಕೊಂಡು 1900ರಲ್ಲಿ ಮೈದಾನಕ್ಕೆ ತಂದನು. ಗೂಗ್ಲಿಯೆಂದು ಹೆಸರಾದ ಈ ಎಸೆತವನ್ನು ಮೋಸವೆಂದವರಿದ್ದರು, ಆದರೆ ನಿಷೇಧಿಸಲು ಮಾರ್ಗವಿರಲಿಲ್ಲ. ಏಳು ದಶಕಗಳ ತರುವಾಯ ಅದೇ ಗೂಗ್ಲಿಯನ್ನು, ಬಾಲ್ಯದಲ್ಲಿ ಪೋಲಿಯೊ ತಗುಲಿ ಸಣಕಲಾದ ಬಲತೋಳಿನಿಂದ ಚಾವಟಿಯಂತೆ ಬೀಸಿ, ಮೈಸೂರಿನಲ್ಲಿ ಹುಟ್ಟಿದ ನಮ್ಮ ಚಂದ್ರಶೇಖರರು 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ಹುದ್ದರಿಗಳನ್ನು ಉರುಳಿಸಿದಾಗ, ಭಾರತವು ಇಂಗ್ಲೆಂಡಿನ ನೆಲದಲ್ಲಿ ಮೊತ್ತಮೊದಲ ಟೆಸ್ಟನ್ನು ಗೆದ್ದಿತು.

ಭಾರತೀಯನೊಬ್ಬನ ಹೆಸರು ಮಾತ್ರ ನಿಯಮದ ಜಗಳಕ್ಕೇ ಅಂಟಿಕೊಂಡಿತು. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ, ಚೆಂಡು ಎಸೆಯುವ ಮುನ್ನವೇ ಗೆರೆ ದಾಟಿ ಓಡುತ್ತಿದ್ದ ಆಸ್ಟ್ರೇಲಿಯದ ಬಿಲ್ ಬ್ರೌನನನ್ನು ವಿನೂ ಮಂಕಡರು ರನೌಟ್ ಮಾಡಿದರು. ಅದಕ್ಕೂ ಮುಂಚಿನ ಒಂದು ಪಂದ್ಯದಲ್ಲಿ ಎಚ್ಚರಿಸಿದ್ದರು ಕೂಡ. ನಿಯಮ ಅವರ ಪಕ್ಷದಲ್ಲಿತ್ತು. ಎದುರಾಳಿಗಳ ನಾಯಕನಾದ ಬ್ರಾಡ್ಮನ್ನನೇ ತನ್ನ ಗ್ರಂಥದಲ್ಲಿ ಮಂಕಡರನ್ನು ಸಮರ್ಥಿಸಿದನು. ಆದರೂ ಕದ್ದು ಓಡಿದವನ ಹೆಸರು ಆ ಕೃತ್ಯಕ್ಕೆ ಬರಲಿಲ್ಲ, ಹಿಡಿದವರ ಹೆಸರು ಬಂದಿತು. 2022ರಲ್ಲಿ ಎಂ.ಸಿ.ಸಿ.ಯು ಈ ವಿಧಿಯನ್ನು ಅನುಚಿತ ಆಟದ ಪ್ರಕರಣದಿಂದ ತೆಗೆದು ರನೌಟಿನ ಪ್ರಕರಣದಲ್ಲಿ ಸೇರಿಸಿ ಆ ಕಳಂಕವನ್ನು ತೊಡೆಯಿತು. ಎಪ್ಪತ್ತೈದು ವರ್ಷ ತಡವಾಗಿ.

ಬರೆದ ನಿಯಮಗಳಿಗಿಂತ ಬಲವಾದ ಬರೆಯದ ನಿಯಮಗಳೂ ಇಂಗ್ಲೆಂಡಿನಲ್ಲಿದ್ದುವು. ಹವ್ಯಾಸಕ್ಕಾಗಿ ಆಡುವ ಕುಲೀನನೂ ಕೂಲಿಗಾಗಿ ಆಡುವ ವೃತ್ತಿಗಾರನೂ ಒಂದೇ ತಂಡದಲ್ಲಿದ್ದು ಬೇರೆ ಬೇರೆ ಬಾಗಿಲುಗಳಿಂದ ಮೈದಾನಕ್ಕೆ ಬರುತ್ತಿದ್ದರು. ಅಚ್ಚಾದ ಪಟ್ಟಿಯಲ್ಲಿ ಕುಲೀನನ ಹೆಸರಿಗೆ ಮೊದಲಕ್ಷರಗಳು ಮುಂದೆ, ವೃತ್ತಿಗಾರನಿಗೆ ಹಿಂದೆ. 1950ರಲ್ಲಿ ಲಾರ್ಡ್ಸಿನಲ್ಲಿ ಟಿಟ್ಮಸ್ ಎಂಬ ಎಳೆಯ ವೃತ್ತಿಗಾರನ ಹೆಸರು ತಪ್ಪಾಗಿ ಕುಲೀನರ ರೀತಿಯಲ್ಲಿ ಅಚ್ಚಾಗಿಬಿಡಲು, ಧ್ವನಿವರ್ಧಕದಲ್ಲಿ ತಿದ್ದುಪಡಿಯನ್ನು ಘೋಷಿಸಿದರು. ಈ ಭೇದವನ್ನು ರದ್ದುಪಡಿಸಿದ್ದು 1962ರ ಕಡೆಗೆ.

ನಮ್ಮ ದೇಶಕ್ಕೆ ಆಟವು ಬಂದಾಗ ಬರೆಯದ ನಿಯಮಗಳಿಗೇನು ಬರಗಾಲವೆ? 1721ರಲ್ಲಿ ಖಂಬಾತದ ತೀರದಲ್ಲಿ ಇಂಗ್ಲಿಷ್ ನಾವಿಕರು ಕ್ರಿಕೆಟ್ ಆಡಿದರು. 1848ರಲ್ಲಿ ಮುಂಬಯಿಯ ಪಾರ್ಸಿಗಳು ತಮ್ಮದೊಂದು ಕ್ಲಬ್ಬನ್ನು ಕಟ್ಟಿದರು. 1886ರಲ್ಲಿ ಇಂಗ್ಲೆಂಡಿಗೂ ಹೋಗಿಬಂದರು. ಆದರೆ ಈ ವಿದ್ಯೆಯನ್ನು ಯಾರೂ ಕಲಿಸದೆ ಕಲಿತವರ ಪೈಕಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರಿಗೆ ಸಮನಾದವರನ್ನು ನಾನು ಕಾಣೆ. ಚಮ್ಮಾರರ ಮನೆತನ; ತಂದೆ ಪುಣೆಯಲ್ಲಿ ಸೈನ್ಯದ ನೌಕರಿಯಲ್ಲಿದ್ದರು. ಅಧಿಕಾರಿಗಳು ಬಿಸುಟ ಹಳೆಯ ದಾಂಡು ಚೆಂಡುಗಳೇ ಹುಡುಗರ ಮೊದಲ ಸಾಧನ. ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿಗೆ ಮೈದಾನ ಗುಡಿಸಿ ಉರುಳೆ ಎಳೆಯುತ್ತಿದ್ದ ಬಾಳೂ, 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬಿಗೆ ನಾಲ್ಕು ರೂಪಾಯಿಗೆ ಸೇರಿದರು. ಬಲೆ ಕಟ್ಟುವುದು, ಗೆರೆ ಹಾಕುವುದು, ಕರೆದಾಗ ದೊರೆಗಳಿಗೆ ಚೆಂಡೆಸೆಯುವುದು. ಅಲ್ಲಿನ ಮೇಲಾದ ದಾಂಡಿಗನಾದ ಗ್ರೇಗ್ ಎಂಬ ಅಧಿಕಾರಿಯು ಉಳಿದವರಿಗಿಂತ ಮುಂಚೆ ಬಂದು ಈ ಎಡಗೈ ಎಸೆತಗಾರರೆದುರು ಅಭ್ಯಾಸ ಮಾಡುತ್ತಿದ್ದನು. ಔಟಾದ ಸಲಕ್ಕೆ ಎಂಟಾಣೆ ಕೊಡುತ್ತಿದ್ದನೆಂದು ಒಂದು ಕಥೆ. ಎಂಟಾಣೆಯ ಆಸೆಗೆ ಗ್ರೇಗನ ಪಾದದ ಚಲನೆಯನ್ನೂ ಮಣಿಕಟ್ಟಿನ ತಿರುವನ್ನೂ ದಿನದಿನವೂ ಓದಿದ ಆ ಹುಡುಗನಿಗೆ ದೊರೆತುದಕ್ಕಿಂತ ಹೆಚ್ಚಿನ ಪಾಠ ಯಾವ ಶಾಲೆಯಲ್ಲಿ ಯಾರಿಗೆ ದೊರೆತೀತು? ಆದರೆ ನೂರಾರು ಗಂಟೆಗಳ ಆ ಅಭ್ಯಾಸದಲ್ಲಿ ಒಮ್ಮೆಯೂ ಬಾಳೂ ಅವರ ಕೈಗೆ ದಾಂಡನ್ನು ಕೊಡಲಿಲ್ಲ. ದಾಂಡು ದೊರೆಗಳದು, ಬೆವರು ಆಳಿನದು. ಇದು ಯಾವ ಸಂಹಿತೆಯ ಎಷ್ಟನೆಯ ವಿಧಿ?

ಪುಣೆಯ ಹಿಂದೂಗಳಿಗೆ ಐರೋಪ್ಯರನ್ನು ಸೋಲಿಸುವ ಆಸೆ ಹುಟ್ಟಿದಾಗ, ಗ್ರೇಗನನ್ನು ಔಟು ಮಾಡಬಲ್ಲವರು ಯಾರೆಂಬ ಪ್ರಶ್ನೆಗೆ ಉತ್ತರ ಒಂದೇ ಇತ್ತು. ಮಡಿವಂತರು ವಿರೋಧಿಸಿದರು, ಕೊನೆಗೆ ಕರೆದುಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ವಿರಾಮದಲ್ಲಿ ಉಳಿದ ಹತ್ತು ಮಂದಿ ಪೆವಿಲಿಯನ್ನಿನ ಒಳಗೆ ಕುಳಿತು ಪಿಂಗಾಣಿಯ ಬಟ್ಟಲಿನಲ್ಲಿ ಚಹ ಕುಡಿದರೆ, ಹನ್ನೊಂದನೆಯವರಾದ ಬಾಳೂ ಅವರಿಗೆ ಹೊರಗಡೆ, ಕುಡಿದು ಎಸೆಯತಕ್ಕ ಮಣ್ಣಿನ ಕುಡಿಕೆಯಲ್ಲಿ. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಆ ಗೆಲುವಿನ ದೊಡ್ಡ ಪಾಲು ಅವರದು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡವು ಪಂದ್ಯದ ಮೇಲೆ ಪಂದ್ಯವನ್ನು ಸೋಲುತ್ತಿರುವಾಗ, ಬಾಳೂ ಒಬ್ಬರೇ ಒಟ್ಟು 114 ಹುದ್ದರಿಗಳನ್ನು ಪಡೆದರು. ಹಿಂದೂ ತಂಡದ ನಾಯಕಪದವನ್ನು ಅವರಿಗೆ ಕೊಡಲಿಲ್ಲ. ಅವರ ತಮ್ಮ ವಿಠ್ಠಲರಿಗೆ ಅದು ದೊರೆತದ್ದು 1923ರಲ್ಲಿ.